ಬಟ್ಟಲಲ್ಲಿ ಕಾಣದ ಪಾಲು

ಕಳೆದ ವಾರ ಕೊಟ್ಟ ಮಾತಿನಂತೆ ಇಂದು ಉಣುಗಿನ ಬಗ್ಗೆ ಬರೆಯಬೇಕಿತ್ತು. ಉಣುಗು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವಾರವೂ ನಾಯಿಯ ಕಿವಿಯೊಳಗೇ ಸಿಗುತ್ತದೆ. ಮಕ್ತಲ್ ಕಡೆಯ ಓದುಗರೊಬ್ಬರು ತಮ್ಮ ಮನೆಯ ಜಗಳವೊಂದನ್ನು ತಂದು ನನ್ನ ಮುಂದಿಟ್ಟಿದ್ದಾರೆ. ಅದನ್ನು ದಾಟಿ ಹೋಗಲು ಮನಸ್ಸಾಗುತ್ತಿಲ್ಲ. ಮನೆಯಲ್ಲೊಂದು ಮುಧೋಳ ತಳಿಯ ಗಂಡು ನಾಯಿ. ಮಗ ರಾಯಚೂರಿನಿಂದ ಚೀಲದ ಆಹಾರ ಹೊತ್ತು ತರುತ್ತಾನೆ. ಮೇಲೆ ‘ಪ್ರೋಟೀನ್ ಶೇ. 24’ ಎಂದು ದಪ್ಪಕ್ಷರ. ಅಜ್ಜನಿಗೆ ಆ ಚೀಲ ಕಂಡರಾಗದು. ‘ನಮ್ಮ ಹಟ್ಟಿ ನಾಯಿಗಳು ಜೋಳದ ರೊಟ್ಟಿ ತಿಂದು, ಮಜ್ಜಿಗೆ ಕುಡಿದು ತೋಳ ಓಡಿಸಿದವು. ಆಗ ಯಾವ ಪ್ರೋಟೀನು ಇತ್ತು?’ ಎನ್ನುವುದು ಅವರ ಸವಾಲು. ಯಾರ ಪಕ್ಷ ಹಿಡಿಯಲಿ ಎಂದು ನಡುವೆ ಸಿಕ್ಕ ಓದುಗರು ಕೇಳಿದ್ದಾರೆ.

ಅಜ್ಜ ಕಂಡದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಬಟ್ಟಲನ್ನು ಮಾತ್ರ.

ನಾರಾಯಣಪೇಟೆ, ಮಕ್ತಲ್, ಕೃಷ್ಣಾ, ಅತ್ತ ಜುರಾಲಾ ದಾಟಿದರೆ ಗದ್ವಾಲ, ಇದೆಲ್ಲ ಕುರಿಯ ಸೀಮೆ. ಕರಿ ಕುರಿಯ ಉಣ್ಣೆ ಕತ್ತರಿಸಿ ಕಂಬಳಿ ನೇಯ್ದ ಮನೆಗಳು ಇಲ್ಲಿವೆ. ತೆಲಂಗಾಣ ಸರ್ಕಾರ 2017ರಲ್ಲಿ ಇಪ್ಪತ್ತು ಕುರಿಗೊಂದು ಟಗರು ಸೇರಿಸಿ ಹಂಚಲು ಹೊರಟಾಗ ಈ ಸೀಮೆಯ ಗೊಲ್ಲರು, ಕುರುಬರೆಲ್ಲ ಸರದಿಗೆ ನಿಂತರು. ಹಿಂಡಿನ ಹಿಂದೆ ಹೋಗುವ ನಾಯಿಗೆ ಕುರುಬ ಕೈಯಾರೆ ಹಾಕುವುದು ಕಟಕ ರೊಟ್ಟಿ, ಉಳಿದ ಅಂಬಲಿ, ಒಂದಿಷ್ಟು ನೀರುಮಜ್ಜಿಗೆ. ಅವನು ಹಾಕದೇ ನಾಯಿ ತಿನ್ನುವುದು ಬೇರೆ ಇದೆ. ಕುರಿ ಈಯುವ ಕಾಲದಲ್ಲಿ ಬಿದ್ದ ಮಾಸು, ಹುಟ್ಟುತ್ತಲೇ ಸತ್ತ ಮರಿ, ತೊಗರಿ ಹೊಲದ ಇಲಿ, ಓತಿಕ್ಯಾತ, ಮಿಡತೆ, ಯಾರೂ ಇಲ್ಲದಾಗ ಮೊಲ, ಊಟದ ಹೊತ್ತಿನಲ್ಲಿ ಹೇಳಲಾಗದ ಬೇಲಿ ಮರೆಯ ಇನ್ನೊಂದು ಪದಾರ್ಥ. ಕೊನೆಯದನ್ನು ಕೇಳಿ ಮೂಗು ಮುಚ್ಚಿಕೊಳ್ಳಬೇಡಿ. ಊರ ನಾಯಿಗಳ ಆಹಾರ ನೋಡಿದ ಸಂಶೋಧಕರು ಅದನ್ನೂ ಎಣಿಸಿ ಬರೆದಿದ್ದಾರೆ, ಅದರಲ್ಲೂ ಸಾರಜನಕ ಉಳಿದಿರುತ್ತದೆ. ಹೀಗೆ ಹಟ್ಟಿ ನಾಯಿಗೆ ಕಸುವು ರೊಟ್ಟಿಯಿಂದ ಬಂತು, ಮಾಂಸಖಂಡ ಕಟ್ಟುವ ಸರಕು ಹೊಲದಿಂದ ಬಂತು. ಅದೇ ನಾಯಿಯ ಮರಿಯನ್ನು ಪೇಟೆಗೆ ತಂದು, ಗೇಟು ಹಾಕಿ, ಸರಪಳಿ ತೊಡಿಸಿ, ಅದೇ ರೊಟ್ಟಿ ಮಜ್ಜಿಗೆ ಹಾಕಿದರೆ ಬಟ್ಟಲು ಪೇಟೆಗೆ ಬಂತು, ಹೊಲ ಬರಲಿಲ್ಲ. ಆರು ತಿಂಗಳಲ್ಲಿ ಕೂದಲು ಕಳೆಗುಂದುತ್ತದೆ, ಬೆನ್ನಿನ ಎರಡೂ ಬದಿ ತಗ್ಗು ಬೀಳುತ್ತದೆ, ಗಾಯ ಮಾಯಲು ತಡವಾಗುತ್ತದೆ. ‘ಈಗಿನ ನಾಯಿಗಳಲ್ಲಿ ಆ ಸತ್ವ ಇಲ್ಲ’ ಎನ್ನುವ ಮಾತು ಆಗ ಹುಟ್ಟುತ್ತದೆ.

ಇನ್ನು ಲೆಕ್ಕ. ನಿಮ್ಮ ನಾಯಿ 22 ಕೆ.ಜಿ. ಎಂದುಕೊಳ್ಳೋಣ. ದಿನಕ್ಕೆ 1000ದಿಂದ 1300 ಕಿಲೋ ಕ್ಯಾಲರಿ (ಮುಂದೆ ಬರೀ ಕ್ಯಾಲರಿ ಎನ್ನುತ್ತೇನೆ) ಬೇಕು. 300 ಗ್ರಾಂ ಜೋಳದ ಹಿಟ್ಟು ಸುಮಾರು 1000 ಕ್ಯಾಲರಿಯನ್ನೂ 30 ಗ್ರಾಂ ಪ್ರೋಟೀನನ್ನೂ ಕೊಡುತ್ತದೆ. ಅಮೆರಿಕದ ಆಹಾರ ನಿಯಂತ್ರಕರ ಒಕ್ಕೂಟ ಆಫ್ಕೋ, ಬೆಳೆದ ನಾಯಿಗೆ ಪ್ರತಿ 1000 ಕ್ಯಾಲರಿಗೆ ಕನಿಷ್ಠ 45 ಗ್ರಾಂ ಎನ್ನುತ್ತದೆ. ಒಣ ತೂಕದಲ್ಲಿ ಹೇಳುವುದಾದರೆ ಶೇ. 18. ಮರಿಗೂ ಬಾಣಂತಿಗೂ ಶೇ. 22.5. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಕೊಟ್ಟ ಅಂಕಿ ಇದಕ್ಕಿಂತ ಬಹಳ ಕಡಿಮೆ, 1000 ಕ್ಯಾಲರಿಗೆ 25 ಗ್ರಾಂ. ಆ ಅಂಕಿಯನ್ನು ಹಿಡಿದರೆ ಜೋಳವೊಂದೇ ಪಾಸಾಗಿಬಿಡುತ್ತದೆ! ಅಜ್ಜ ಗೆದ್ದರು ಎನ್ನುವ ಮೊದಲು ಲೈಸಿನ್ ನೋಡಬೇಕು.

ನಾಯಿಯ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ಹತ್ತು ಎಂಬುದು ಈ ಅಂಕಣದ ಹಳಬರಿಗೆ ಗೊತ್ತು. ಜೋಳದಲ್ಲಿ ಮೊದಲು ಮುಗಿಯುವುದು ಲೈಸಿನ್. 300 ಗ್ರಾಂ ಹಿಟ್ಟಿನಲ್ಲಿ ಅದು ಸುಮಾರು 0.7 ಗ್ರಾಂ, ಆಫ್ಕೋ ಕೇಳುವುದು ಅದರ ಎರಡು ಪಟ್ಟಿಗೂ ಹೆಚ್ಚು. ನಾರಾಯಣಪೇಟೆಯ ಮಗ್ಗದ ಮುಂದೆ ಕುಳಿತವರಿಗೆ ಇದನ್ನು ವಿವರಿಸಬೇಕಿಲ್ಲ: ಅಂಚಿನ ಬಣ್ಣದ ನೂಲು ಮುಗಿದರೆ ಒಡಲಿನ ನೂಲು ರಾಶಿ ಬಿದ್ದಿದ್ದರೂ ಸೀರೆ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕ ಅಮೈನೋ ಆಮ್ಲಗಳನ್ನು ನಾಯಿ ಕೂಡಿಡಲಾರದು. ಯಕೃತ್ತು ಅವುಗಳ ಸಾರಜನಕ ಕಳಚಿ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ, ಉಳಿದದ್ದನ್ನು ಉರುವಲಾಗಿ ಸುಡುತ್ತದೆ ಇಲ್ಲವೆ ಕೊಬ್ಬಾಗಿಸುತ್ತದೆ.

ಜೋಳದ್ದೇ ಇನ್ನೊಂದು ಸಂಗತಿ ಇದೆ. ಇದನ್ನು ಹೇಳಲು ನನಗೆ ಪ್ರತಿ ವರ್ಷ ಒಂದು ನೆಪ ಬೇಕು, ಈ ವರ್ಷ ಸಿಕ್ಕಿತು. ಜೋಳದ ಮುಖ್ಯ ಪ್ರೋಟೀನಾದ ಕಾಫಿರಿನ್ ವಿಚಿತ್ರ ಸ್ವಭಾವದ್ದು. ನೀರಿನಲ್ಲಿ ಬೇಯಿಸಿದಷ್ಟೂ ಅದರ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು, ಕಿಣ್ವಗಳಿಗೆ ಸಡಿಲ ಕೊಡದಂತಾಗುತ್ತವೆ. ಅಕ್ಕಿ, ಗೋಧಿಗಿಲ್ಲದ ಹಟ ಇದು. ಆದ್ದರಿಂದ ಗಟ್ಟಿ ಸಂಗಟಿ ತಿಂದ ನಾಯಿಯ ಮಲದಲ್ಲಿ ಸಂಗಟಿಯ ಪ್ರೋಟೀನು ಸಾಕಷ್ಟು ಹೊರಬೀಳುತ್ತದೆ. ಹುಳಿಸಿದರೆ ಆ ಬಿಗಿ ಸಡಿಲವಾಗುತ್ತದೆ. ರಾತ್ರಿ ಹಿಟ್ಟು ಕಲಸಿಟ್ಟು, ಹುಳಿ ಬಂದಮೇಲೆ ಕುದಿಸಿ, ಆರಿಸಿ ಹಾಕುವ ಅಂಬಲಿ ಅದೇ ಜೋಳದಿಂದ ಹೆಚ್ಚು ದಕ್ಕಿಸಿಕೊಡುತ್ತದೆ. ಹಟ್ಟಿಯ ಹೆಂಗಸರು ಇದನ್ನು ಬಡತನಕ್ಕೆ ಮಾಡಿದರೋ ಬಿಸಿಲಿಗೆ ಮಾಡಿದರೋ, ನಾಯಿಗಂತೂ ಒಳ್ಳೆಯದೇ ಮಾಡಿದರು. ಹುಳಿ ಅಂಬಲಿ ನಾಯಿಗೆ ಕೆಟ್ಟದ್ದು ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ಬೂಸು ಬಂದ ಹಿಟ್ಟು ಬೇರೆ, ಹುಳಿ ಬಂದ ಹಿಟ್ಟು ಬೇರೆ.

ಬೂಸಿನ ಮಾತು ಬಂತು, ಗದ್ವಾಲದ ಕಡೆಯವರು ಕೇಳಿ. ನಡಿಗಡ್ಡೆಯಲ್ಲಿ ಶೇಂಗಾ ಬೆಳೆಯುತ್ತದೆ, ಹಿಂಡಿ ಅಗ್ಗ, ಪ್ರೋಟೀನು ಶೇ. 40ಕ್ಕೂ ಮೇಲೆ. ಎಮ್ಮೆಗೆ ಹಾಕುವ ಹಿಂಡಿಯಲ್ಲೇ ಒಂದು ಹಿಡಿ ನಾಯಿಗೂ ಎನ್ನುವ ಜಾಣತನವನ್ನು ಆ ಕಡೆ ಕಂಡಿದ್ದೇನೆ. ಬೇಡ. ಸರಿಯಾಗಿ ಒಣಗದ ಶೇಂಗಾದ ಮೇಲೆ ಬೆಳೆಯುವ ಬೂಸು ಅಫ್ಲಾಟಾಕ್ಸಿನ್ ಬಿಡುತ್ತದೆ, ಅದು ಹಿಂಡಿಗೂ ಬರುತ್ತದೆ, ಕುದಿಸಿದರೂ ಹೋಗದು. ಎಮ್ಮೆ ತಡೆದುಕೊಳ್ಳುವ ಪ್ರಮಾಣವನ್ನು ನಾಯಿಯ ಯಕೃತ್ತು ತಡೆಯದು. ಅಮೆರಿಕದಲ್ಲಿ 2005ರಲ್ಲಿ ಬೂಸು ಹಿಡಿದ ಮೆಕ್ಕೆಜೋಳದಿಂದ ತಯಾರಾದ ಚೀಲದ ಆಹಾರ ತಿಂದು ಹಲವಾರು ನಾಯಿಗಳು ಸತ್ತವು.

ಜೋಳವನ್ನು ತುಂಬಿಸಿಕೊಡುವ ಪದಾರ್ಥ ಮನೆಯಲ್ಲೇ ಇದೆ. ತೊಗರಿಯಲ್ಲಿ ಲೈಸಿನ್ ಹೇರಳ, ಮಿಥಿಯೋನಿನ್ ಕಡಿಮೆ. ಆ ಕೊರತೆಗೆ ಜೋಳವೂ ಮೊಟ್ಟೆಯೂ ನೆರವಿಗೆ ಬರುತ್ತವೆ. 200 ಗ್ರಾಂ ಹಿಟ್ಟಿನ ಅಂಬಲಿ ಅಥವಾ ರೊಟ್ಟಿ, 50 ಗ್ರಾಂ ತೊಗರಿಬೇಳೆ ಹಣ್ಣಾಗಿ ಬೇಯಿಸಿದ್ದು, ಎರಡು ಬೇಯಿಸಿದ ಮೊಟ್ಟೆ, ಇಷ್ಟಕ್ಕೆ ಸುಮಾರು 43 ಗ್ರಾಂ ಪ್ರೋಟೀನು ಬರುತ್ತದೆ. ಇದರ ಮೇಲೆ 100 ಗ್ರಾಂ ಕೋಳಿಯೋ ಜುರಾಲಾದ ಮೀನೋ ಬಿದ್ದರೆ 60 ದಾಟುತ್ತದೆ. ಅಣೆಕಟ್ಟಿನ ಬಳಿ ಮೀನು ಹುರಿಯುವವರು ಎಸೆಯುವ ತಲೆಗಳನ್ನು ತಂದು, ಚೆನ್ನಾಗಿ ಬೇಯಿಸಿ, ಮುಳ್ಳು ಹಿಸುಕಿ ತೆಗೆದು ಹಾಕುವ ಪುಣ್ಯಾತ್ಮರೂ ಇದ್ದಾರೆ. ಅವರ ನಾಯಿಗಳ ಮೈ ಮಿಂಚುವುದಕ್ಕೆ ಅದೇ ಕಾರಣ ಎಂದು ನನ್ನ ನಂಬಿಕೆ. ಮೊಟ್ಟೆ ಹಸಿಯಾಗಿ ಬೇಡ, ಬಿಳಿಯಲ್ಲಿರುವ ಅವಿಡಿನ್ ಬಯೋಟಿನನ್ನು ಕಟ್ಟಿಹಾಕುತ್ತದೆ. ಬೇಳೆ ಎಂದರೆ ಬರೀ ಬೇಳೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ನಿನ್ನೆಯ ಸಾರಲ್ಲ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಳೆಯ ಕಟ್ಟನ್ನಷ್ಟೇ ಬಸಿದು ಹಾಕಿ ‘ಬೇಳೆ ಹಾಕಿದೆ’ ಎನ್ನಬೇಡಿ, ಕಟ್ಟಿನಲ್ಲಿ ಬೇಳೆಯ ವಾಸನೆ ಹೆಚ್ಚು, ಬೇಳೆ ಕಡಿಮೆ. ಮಜ್ಜಿಗೆಯದೂ ಅದೇ ಕತೆ.

ಇಲ್ಲಿಗೆ ನಿಲ್ಲಿಸಿದರೆ ತೋಳಪಂಥದವರು ಬಿಡುವುದಿಲ್ಲ. ಹೈದರಾಬಾದು, ಬೆಂಗಳೂರಿನಲ್ಲಿ ಶುರುವಾಗಿ ಈಗ ಜಿಲ್ಲಾ ಕೇಂದ್ರಗಳಿಗೂ ಇಳಿದಿರುವ ಪಂಥ ಇದು. ನಾಯಿ ಎಂದರೆ ಮನೆಯೊಳಗಿನ ತೋಳ, ಧಾನ್ಯ ಅದಕ್ಕೆ ವಿಷ, ಹಸಿ ಮಾಂಸವೊಂದೇ ಆಹಾರ, ಪ್ರೋಟೀನು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು. ಇವರ ಜೊತೆ ನನ್ನದು ಹಳೆಯ ವ್ಯಾಜ್ಯ. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು: ಪಿಷ್ಟ ಒಡೆಯುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯರ ಹಗೇವಿನ ಬಾಯಲ್ಲಿ ಕಾದು ಕುಳಿತ ಪ್ರಾಣಿಗೆ ಸಾವಿರಾರು ವರ್ಷದಲ್ಲಿ ಬಂದ ಆಸ್ತಿ ಅದು. ಮೂಳೆಯಿಲ್ಲದ ಮಾಂಸವನ್ನಷ್ಟೇ ತಿಂದು ಬೆಳೆದ ಮರಿಯ ಕಾಲು ಡೊಂಕಾಗುವುದನ್ನು ಯಾವ ಪಶುವೈದ್ಯರನ್ನಾದರೂ ಕೇಳಿ; ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. (ಮೇಲೆ ಹೇಳಿದ ಊಟಕ್ಕೂ ಕ್ಯಾಲ್ಸಿಯಂ ಬೇಕು: ಮೊಟ್ಟೆಯ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿ ದಿನಕ್ಕೆ ಮುಕ್ಕಾಲು ಚಹಾಚಮಚ.) ಧಾನ್ಯ ತೆಗೆದು ಬಟಾಣಿ, ಬೇಳೆ ತುಂಬಿದ ದುಬಾರಿ ಚೀಲಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಲ್ಲಿ ತನಿಖೆಗೆ ಇಳಿಯಿತು. ಕಾರಣ ಹೀಗೇ ಎಂದು ಸಾಬೀತಾಗಲಿಲ್ಲ, ಆದರೆ ‘ಧಾನ್ಯವಿಲ್ಲ’ ಎಂಬುದೇ ಒಂದು ಗುಣವೆಂದು ಮಾರುತ್ತಿದ್ದವರ ದನಿ ತಗ್ಗಿತು.

ಮುಧೋಳ ನಾಯಿ ಸಾಕಿದವರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಗ್ರೇಹೌಂಡಿನದು. ಈ ಎರಡು ತಳಿಗಳೂ ಕಣ್ಣಿನಿಂದ ಬೇಟೆ ಹಿಡಿಯುವ, ಒಂದೇ ಉಸಿರಿಗೆ ಓಡುವ ಜಾತಿ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಓಟದ ಗ್ರೇಹೌಂಡುಗಳಿಗೆ ಒಮ್ಮೆ ಕ್ಯಾಲರಿಯ ಶೇ. 37ರಷ್ಟು ಪ್ರೋಟೀನಿನಿಂದಲೇ ಬರುವ ಆಹಾರ, ಇನ್ನೊಮ್ಮೆ ಶೇ. 24ರಷ್ಟು ಬರುವ ಆಹಾರ ಹಾಕಿದರು. ಹೆಚ್ಚು ಪ್ರೋಟೀನು ತಿಂದಾಗ ಅವು ತುಸು ನಿಧಾನವಾಗಿ ಓಡಿದವು! ಅರ್ಧ ನಿಮಿಷದ ಓಟಕ್ಕೆ ಬೇಕಾದದ್ದು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅದು ಪಿಷ್ಟದಿಂದ ಬರುತ್ತದೆ. ದಿನಗಟ್ಟಲೆ ಹಿಮದಲ್ಲಿ ಬಂಡಿ ಎಳೆಯುವ ನಾಯಿಗಳ ಮೇಲೆ ಮಾಡಿದ ಪ್ರಯೋಗ ಬೇರೆಯದನ್ನು ಹೇಳುತ್ತದೆ. ಅಲ್ಲಿ ತೀರ ಕಡಿಮೆ ಪ್ರೋಟೀನು ಸಿಕ್ಕ ನಾಯಿಗಳು ಗಾಯಗೊಂಡು ಮೂಲೆಗೆ ಬಿದ್ದವು, ಹೆಚ್ಚು ತಿಂದವು ಗಟ್ಟಿಯಾಗಿ ಉಳಿದವು. ಮಕ್ತಲಿನ ನಿಮ್ಮ ಮುಧೋಳ ಇವೆರಡೂ ಅಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ಮೊಲ ಓಡಿಸುವುದು 1972ರ ವನ್ಯಜೀವಿ ಕಾಯ್ದೆಯಿಂದ ಅಪರಾಧ. ಹಾಗಾಗಿ ನಿಮ್ಮ ನಾಯಿ ಓಡುವುದು ಬೆಳಗಿನ ವಾಕಿಂಗಿನಲ್ಲಿ, ಮಿಕ್ಕ ಹೊತ್ತು ಪಡಸಾಲೆಯ ತಂಪಿನಲ್ಲಿ ಮಲಗುತ್ತದೆ.

ಇದಕ್ಕೆ ವಿರುದ್ಧವಾಗಿ ನಾಯಿಗೆ ದಿನವೂ ಮೊಸರನ್ನವನ್ನೇ ಹಾಕುವ ಮೊಸರನ್ನಪಂಥದವರಿಗೆ ಒಂದೇ ಸಾಲು ಸಾಕು: ನಿಮ್ಮ ನಾಯಿ ಬೊಜ್ಜು ಬಂದು ಬಡವಾಗಿದೆ. ‘ಪ್ರೋಟೀನು ಕಿಡ್ನಿ ಕೆಡಿಸುತ್ತದೆ’ ಎಂದು ಹೆದರಿಸುವವರೂ ಇವರೇ. ಆರೋಗ್ಯದ ಕಿಡ್ನಿಯನ್ನು ಪ್ರೋಟೀನು ಕೆಡಿಸಿದ್ದಕ್ಕೆ ಆಧಾರವಿಲ್ಲ. ಈಗಾಗಲೇ ಕೆಟ್ಟ ಕಿಡ್ನಿಗೆ ಪಥ್ಯ ಬೇಕು, ಅಲ್ಲಿಯೂ ಮೊದಲ ಶತ್ರು ರಂಜಕ. ಮುದಿ ನಾಯಿಗಂತೂ ಪ್ರೋಟೀನು ಕಡಿಮೆ ಮಾಡುವುದಲ್ಲ, ತುಸು ಹೆಚ್ಚಿಸಬೇಕು, ಅದರ ಸ್ನಾಯು ತಾನೇ ಸವೆಯುತ್ತಿರುತ್ತದೆ. ‘ಮಾಂಸ ಉಷ್ಣ’ ಎನ್ನುವ ಮಾತಿನಲ್ಲಿ ಮಾತ್ರ ಅರ್ಧ ನಿಜವಿದೆ. ಪ್ರೋಟೀನು ಜೀರ್ಣವಾಗುವಾಗ ಪಿಷ್ಟ, ಕೊಬ್ಬಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಮೇ ತಿಂಗಳ ರಾಯಚೂರು, ಗದ್ವಾಲದ ಬಿಸಿಲಿನಲ್ಲಿ ಮೊಟ್ಟೆ ಮಾಂಸವನ್ನು ಹೊತ್ತು ಮುಳುಗಿದ ಮೇಲೆ ಹಾಕಿ, ಹಗಲಿಗೆ ಅಂಬಲಿ ಇರಲಿ.

ಚೀಲದ ಮೇಲಿನ ಶೇ. 24 ಸುಳ್ಳೇ ಎಂದು ಮಗ ಕೇಳಬಹುದು. ಸುಳ್ಳಲ್ಲ, ಆದರೆ ಅದು ಪ್ರೋಟೀನಿನ ಅಂಕಿಯೂ ಅಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಹೌದು, ಅದೇ ಬಿಯರಿನವರದು, ಯೋಹಾನ್ ಕೆಲ್ಡಾಲ್ 1883ರಲ್ಲಿ ಬಾರ್ಲಿಯ ಸಾರಜನಕ ಅಳೆಯುವ ವಿಧಾನ ಕಂಡುಹಿಡಿದ. ಆ ಸಾರಜನಕವನ್ನು 6.25ರಿಂದ ಗುಣಿಸಿ ಬಂದ ಮೊತ್ತಕ್ಕೆ ಇಂದಿಗೂ ಚೀಲದ ಮೇಲೆ ಪ್ರೋಟೀನು ಎಂದು ಬರೆಯುತ್ತಾರೆ. ಸಾರಜನಕ ಕೋಳಿಯ ಎದೆಯದೋ, ಪುಕ್ಕದ್ದೋ, ಚರ್ಮದ್ದೋ ಕೆಲ್ಡಾಲನಿಗೆ ಗೊತ್ತಾಗದು. ಇದನ್ನು ಅರಿತ ಚೀನಾದ ವಂಚಕರು ಗೋಧಿಯ ಅಂಟಿಗೆ ಮೆಲಮೈನ್ ಬೆರೆಸಿದರು. ಪ್ಲಾಸ್ಟಿಕ್ ತಟ್ಟೆಯ ಆ ಕಚ್ಚಾವಸ್ತುವಿನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ಪರೀಕ್ಷೆಯಲ್ಲಿ ಅಂಕಿ ಚೆಂದ ಬಂತು. 2007ರಲ್ಲಿ ಅಮೆರಿಕದ ನಾಯಿ, ಬೆಕ್ಕುಗಳ ಕಿಡ್ನಿಯಲ್ಲಿ ಹರಳು ಕಟ್ಟಿ, ಅಂಗಡಿಗಳಿಂದ ಕೋಟಿಗಟ್ಟಲೆ ಡಬ್ಬಿ, ಪೊಟ್ಟಣ ವಾಪಸಾದವು. ಮಗನಿಗೆ ಹೇಳಿ: ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಮೊದಲ ಮೂರನ್ನು ಓದಲಿ. ಡಬ್ಬಿಯ ಹಸಿ ಆಹಾರದಲ್ಲಿ ಶೇ. 8 ಎಂದು ಕಂಡು ಬೈಯುವುದೂ ಬೇಡ; ಅದರಲ್ಲಿ ಶೇ. 80 ನೀರಿದ್ದರೆ ಒಣ ತೂಕದಲ್ಲಿ ಅದು ಶೇ. 40 ಆಯಿತು.

ಅಂಕಿ ಸಾಕು. ಕನ್ನಡದಲ್ಲಿ ನಾಯಿಯ ಬಗ್ಗೆ ಬರೆದದ್ದರಲ್ಲಿ ನನಗೆ ಅತಿ ಪ್ರಿಯವಾದದ್ದು ಪುಸ್ತಕವಲ್ಲ, ಕಲ್ಲು. ಮದ್ದೂರಿನ ಬಳಿಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಮಾತು. ಆಗಿನ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ರಾಜಧಾನಿ ಮಳಖೇಡ. ನಾರಾಯಣಪೇಟೆಯಿಂದ ಸೇಡಂ ದಾರಿ ಹಿಡಿದರೆ ಹಗಲಲ್ಲೇ ಹೋಗಿಬರುವಷ್ಟು ಹತ್ತಿರ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ ಮೇಲೆ, ಗಂಗ ಬೂತುಗ ತನ್ನ ವೀರ ಮಣಲೆರನಿಗೆ ‘ಬೇಕಾದ್ದು ಬೇಡು’ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದುವ ಚಿತ್ರ ಕೆತ್ತಿಸಿ, ಭೂಮಿ ಬಿಟ್ಟರು. ಕೊನೆಗೊಂದು ಷರತ್ತು, ಅದಕ್ಕಾಗಿಯೇ ನಾನು ಈ ಕಲ್ಲನ್ನು ಮತ್ತೆ ಮತ್ತೆ ಹೇಳುವುದು: ಈ ಕಲ್ಲನ್ನು ನೋಡಿಕೊಳ್ಳುವ ಗೊರವ ಅದಕ್ಕೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಮೊದಲು ನಾಯಿ, ಆಮೇಲೆ ಮನುಷ್ಯನ ಊಟ! ಬದುಕಿದ್ದಾಗ ಕಾಳಿಗೆ ಏನು ಹಾಕುತ್ತಿದ್ದರೋ ಕಲ್ಲು ಹೇಳುವುದಿಲ್ಲ. ಹಂದಿಯನ್ನು ಕೆಡವಿದ ನಾಯಿ ಮೊಸರನ್ನ ತಿಂದಿರಲಾರದು ಎಂಬುದು ನನ್ನ ತೀರ್ಮಾನ.

ಗೊರವರು ಈಗಲೂ ಇದ್ದಾರೆ, ಮೈಲಾರನ ಒಕ್ಕಲಾಗಿ, ಸ್ವಾಮಿಯ ನಾಯಿಗಳಾಗಿ. ಹಾವೇರಿ, ಹಡಗಲಿ ಕಡೆ ದೋಣಿ ಸೇವೆಯಲ್ಲಿ ಬೊಗಳುತ್ತ ಬಂದು ದೋಣಿಗೆ ಬಾಯಿ ಹಾಕುತ್ತಾರೆ. ಅದರಲ್ಲಿರುವುದು ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ. ದೇವರ ನಾಯಿಗಳಿಗೂ ಸಿಹಿಯದೇ ಸಮಾರಾಧನೆ, ಪ್ರೋಟೀನು ಹಾಲಿನಲ್ಲಿದ್ದಷ್ಟೇ. ನಮ್ಮ ಗಡಿಯ ಮೈಲಾರ ಯಾದಗಿರಿಯ ಮೈಲಾಪುರದಲ್ಲಿದ್ದಾನೆ. ಸಂಕ್ರಾಂತಿಯ ಜಾತ್ರೆಗೆ ಗಡಿಯ ಈಚೆಯಿಂದಲೂ ಕುರುಬರು ಹೋಗುತ್ತಾರೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿ, ದಾರಿಯಲ್ಲೇ ಮರಿಗಳನ್ನು ವಶಕ್ಕೆ ಪಡೆಯುತ್ತದೆ.

ಕುರಿಮರಿಯಿಂದ ನೆನಪಾಯಿತು, ಈ ವಾರ ಎಲ್ಲಕ್ಕಿಂತ ಮುಂಚೆ ಹೇಳಬೇಕಾಗಿದ್ದದ್ದು ಇದು. ಕುರಿಯ ಸೀಮೆಯಲ್ಲಿ ಅತಿ ಅಗ್ಗದ ಪ್ರೋಟೀನೆಂದರೆ ಕೊಯ್ದ ಕುರಿಯ ಉಳಿಕೆ: ತಲೆ, ಪುಪ್ಪುಸ, ಬೋಟಿ, ಗುಳ್ಳೆ ಕಂಡು ಯಾರೂ ಕೊಳ್ಳದ ಕಾರ್ಜ. ಭಾನುವಾರ ಅಂಗಡಿಯ ಹಿಂದೆ ನಾಯಿಗಳಿಗೆ ಎಸೆಯುವುದೂ ಇದನ್ನೇ. ಹಿಂಡಿನಲ್ಲಿ ಒಮ್ಮೊಮ್ಮೆ ಒಂದು ಕುರಿ ತಲೆ ವಾಲಿಸಿ ನಿಂತಲ್ಲೇ ಸುತ್ತು ಹೊಡೆಯುವುದನ್ನು ಕಂಡಿರುತ್ತೀರಿ. ಅದರ ಮಿದುಳಿನಲ್ಲಿ ನೀರುಗುಳ್ಳೆ ಇರುತ್ತದೆ. ಸುತ್ತುವ ಕುರಿಯನ್ನು ಕೊಯ್ದು ತಲೆಯನ್ನು ನಾಯಿಗೆ ಹಾಕಿದರೆ, ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಲ್ಲಿ ಲಾಡಿಹುಳಗಳಾಗುತ್ತವೆ. ಮೊಟ್ಟೆಗಳು ಮಲದ ಜೊತೆ ಮೇವಿಗೆ ಬೀಳುತ್ತವೆ. ಮೇಯ್ದ ಇನ್ನೊಂದು ಕುರಿ ಸುತ್ತತೊಡಗುತ್ತದೆ. ಕಾರ್ಜ, ಪುಪ್ಪುಸದ ಗುಳ್ಳೆಯ ಹುಳ ಇನ್ನೂ ಕೆಟ್ಟದ್ದು. ನಾಯಿಯಲ್ಲಿ ಅದು ಅಕ್ಕಿಕಾಳಿನಷ್ಟೂ ಉದ್ದವಿಲ್ಲ, ಏನೂ ತೊಂದರೆ ಕೊಡದು. ಅದರ ಮೊಟ್ಟೆ ಕೈಗಂಟಿ ಮನುಷ್ಯನ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲೂ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಹಟ್ಟಿಯ ಮಕ್ಕಳು ನಾಯಿಯ ಜೊತೆ ಆಡಿ, ಕೈ ತೊಳೆಯದೆ ರೊಟ್ಟಿ ಮುರಿಯುತ್ತಾರೆ.

ಕುರಿಯ ಉಳಿಕೆ ಹಾಕಬೇಡಿ ಎನ್ನುತ್ತಿಲ್ಲ, ಅದು ಒಳ್ಳೆಯ ಪ್ರೋಟೀನು. ಗುಳ್ಳೆ ಇದ್ದ ಭಾಗವನ್ನೂ ಸುತ್ತಿದ ಕುರಿಯ ತಲೆಯನ್ನೂ ನಾಯಿ ಕೆದರದಷ್ಟು ಆಳಕ್ಕೆ ಹೂಳಿ, ಇಲ್ಲವೆ ಸುಡಿ. ಉಳಿದದ್ದನ್ನು ಸಣ್ಣಗೆ ಕೊಯ್ದು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ. ಕಾರ್ಜ ವಾರಕ್ಕೆ ಒಂದೆರಡು ಸಲ, ಒಂದೊಂದು ಹಿಡಿಯಷ್ಟೇ. ಹೆಚ್ಚಾದರೆ ಎ ಜೀವಸತ್ವ ಮೈಯಲ್ಲಿ ಕೂಡಿಕೊಳ್ಳುತ್ತದೆ. ಬೆಂದ ಮೂಳೆ ಬೇಡ, ಚೂರಾಗಿ ಕರುಳು ಚುಚ್ಚುತ್ತದೆ. ಕುರಿ ಹಿಂಡಿನ ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ, ಪಶುವೈದ್ಯರು ಹೇಳಿದ ಅಂತರದಲ್ಲಿ ಕೊಡಬೇಕು. ಬೇರೆ ಹುಳಗಳಿಗೆ ಕೊಡುವ ಎಲ್ಲ ಮಾತ್ರೆಗಳೂ ಈ ಹುಳವನ್ನು ಕೊಲ್ಲುವುದಿಲ್ಲ. ಮಾತ್ರೆ ಕೊಟ್ಟ ಮೇಲೆ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಗುಂಡಿಗೆ ಹಾಕಿ ಮುಚ್ಚಿ.